ಥೈರಾಯ್ಡ್ ರೋಗಿಯೂ ಕಿವಿಗೊಡುವ ವೈದ್ಯರೂ

ಮೈಯಲ್ಲಿ ಏನೋ ಕೆಟ್ಟಿದೆಯೆಂದು ರೋಗಿಗೆ ನಿಸ್ಸಂದೇಹವಾಗಿ ತೋರುತ್ತಿದ್ದು, ಪ್ರಯೋಗಶಾಲೆಯಿಂದ ಬಂದ ಕಾಗದವು ಮಾತ್ರ ಏನೂ ಕೆಟ್ಟಿಲ್ಲವೆಂದು ಸಾರುತ್ತಿರುವಾಗ, ಇವೆರಡರ ನಡುವೆ ಕುಳಿತು ತೀರ್ಮಾನ ಹೇಳಬೇಕಾದ ವೈದ್ಯರು ಬಹುಮಟ್ಟಿಗೆ ಕಾಗದದ ಪಕ್ಷವನ್ನೇ ವಹಿಸುವರೆಂಬುದು ಥೈರಾಯ್ಡ್ ವ್ಯಾಧಿಯುಳ್ಳ ಯಾರನ್ನು ಕೇಳಿದರೂ ತಿಳಿಯುವ ಸಂಗತಿ. "ಟಿಎಸ್‌ಎಚ್ ನಾರ್ಮಲ್ ಇದೆಯಲ್ಲಮ್ಮ, ಇನ್ನೇನು ತೊಂದರೆ?" ಎಂಬ ಒಂದು ವಾಕ್ಯ, ಅದರ ಬೆನ್ನಿಗೇ "ಸ್ವಲ್ಪ ತೂಕ ಇಳಿಸಿ, ಟೆನ್ಶನ್ ಮಾಡಿಕೊಳ್ಳಬೇಡಿ" ಎಂಬ ಇನ್ನೊಂದು, ಅಷ್ಟರಲ್ಲಿ ಹೊರಗೆ ಮುಂದಿನ ಟೋಕನ್ನಿನ ಸಂಖ್ಯೆಯನ್ನು ಕೂಗಿಯಾಗಿರುತ್ತದೆ. ಕೂದಲು ಉದುರುವುದನ್ನೂ, ಮಲಬದ್ಧತೆಯನ್ನೂ, ಏಪ್ರಿಲ್ ತಿಂಗಳ ಸೆಕೆಯಲ್ಲಿಯೂ ಪಾದಗಳು ತಣ್ಣಗಿರುವುದನ್ನೂ, ಓದಿದ ಪುಟವನ್ನೇ ಮರಳಿ ಓದಬೇಕಾಗಿ ಬರುವುದನ್ನೂ ಹೇಳಬೇಕೆಂದು ಮನೆಯಿಂದ ಹೊರಟಿದ್ದಾಕೆ ಇವುಗಳಲ್ಲಿ ಒಂದನ್ನೂ ಹೇಳದೆ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಬರುತ್ತಾಳೆ.

ಸಹಾನುಭೂತಿಯುಳ್ಳ ವೈದ್ಯರು ಬೇಕೆಂದು ಹಂಬಲಿಸುವಾಗ ನಾವು ಸಾಮಾನ್ಯವಾಗಿ ಮನಸ್ಸಿನಲ್ಲಿಟ್ಟುಕೊಳ್ಳುವುದು ಮೃದುವಾದ ಮಾತನ್ನು, ನಗುಮುಖವನ್ನು. ಅವು ಒಳ್ಳೆಯವೇ, ಬೇಡವೆನ್ನುವವರು ಯಾರು? ಆದರೆ ಈ ವ್ಯಾಧಿಯ ಮಟ್ಟಿಗೆ ಹೇಳುವುದಾದರೆ, ಸಂಖ್ಯೆಯು ಸರಿಯಾದ ಮೇಲೂ ರೋಗಿಯು ಸರಿಯಾಗಿಲ್ಲದಿದ್ದಲ್ಲಿ ವಿಚಾರಣೆಯನ್ನು ಮುಂದುವರಿಸುವ ತಾಳ್ಮೆಯೇ ನಿಜವಾದ ಸಹಾನುಭೂತಿಯೆಂದು ನನ್ನ ಅಭಿಪ್ರಾಯ. ಆ ತಾಳ್ಮೆಯುಳ್ಳವರನ್ನು ಗುರುತಿಸುವುದು ಹೇಗೆ, ತಾಳ್ಮೆಯಿದ್ದೂ ಕಾಲವಿಲ್ಲದ ವೈದ್ಯರಿಂದ ಆ ವಿಚಾರಣೆಯನ್ನು ಪಡೆಯುವುದು ಹೇಗೆ ಎಂಬುದಿಷ್ಟೇ ಇಲ್ಲಿ ಪ್ರಸ್ತುತ.

ಪ್ರಯೋಗಶಾಲೆಯ ಕಾಗದ ಹುಟ್ಟುವ ಮೊದಲೇ ಈ ವ್ಯಾಧಿಯನ್ನು ಜನ ಕಂಡುಹಿಡಿದಿದ್ದರೆಂಬುದನ್ನು ಮೊದಲು ಜ್ಞಾಪಿಸಿಕೊಳ್ಳುವುದು ಉಚಿತ. 1873 ರಲ್ಲಿ ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯನು ಪ್ರಾಪ್ತವಯಸ್ಕರಾದ ಕೆಲವು ಸ್ತ್ರೀಯರ ಮುಖದ ಬಾವನ್ನೂ, ನಾಲಗೆ ದಪ್ಪವಾಗಿ ಮಾತು ತೊಡಕುವುದನ್ನೂ, ಮನಸ್ಸಿನ ಚಲನೆ ಮಂದವಾಗುವುದನ್ನೂ ವರ್ಣಿಸಿ ಒಂದು ಪ್ರಬಂಧವನ್ನೋದಿದನು; ಅವನ ಕೈಯಲ್ಲಿದ್ದ ಉಪಕರಣಗಳೆಂದರೆ ಕಣ್ಣು ಮತ್ತು ಕಿವಿ. 1891 ರಲ್ಲಿ ನ್ಯೂಕಾಸಲ್ಲಿನ ಜಾರ್ಜ್ ಮರ್ರೆಯು ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ತನ್ನ ರೋಗಿಯಾಗಿದ್ದ ನಲವತ್ತಾರು ವಯಸ್ಸಿನ ಹೆಂಗಸೊಬ್ಬಳಿಗೆ ಚುಚ್ಚಿ ಕೊಟ್ಟನು. ಆಕೆ ಅನಂತರ ಇಪ್ಪತ್ತೆಂಟು ವರ್ಷ ಬದುಕಿ 1919 ರಲ್ಲಿ ತೀರಿಕೊಂಡಳು. ಆ ಅವಧಿಯಲ್ಲಿ 870 ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಆಕೆಯೊಬ್ಬಳ ಔಷಧಕ್ಕಾಗಿ ವಿನಿಯೋಗವಾದುವಂತೆ. 1914 ರ ಕ್ರಿಸ್ಮಸ್ಸಿನ ದಿನ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಈ ಗ್ರಂಥಿಯ ರಸವಾದ ಥೈರಾಕ್ಸಿನ್ನನ್ನು ಸ್ಫಟಿಕ ರೂಪದಲ್ಲಿ ಬೇರ್ಪಡಿಸಿದ ತರುವಾಯ, ಕೃತಕವಾಗಿ ಅದನ್ನು ತಯಾರಿಸುವ ಮಾರ್ಗವೂ 1927 ರ ವೇಳೆಗೆ ತಿಳಿದು, ಕಾಲಕ್ರಮೇಣ ಕುರಿಗಳು ಬದುಕಿಕೊಂಡವು. ಇಂದು ನಮ್ಮ ಅಂಗಡಿಗಳಲ್ಲಿ ದೊರೆಯುವ ಎಲ್ಟ್ರಾಕ್ಸಿನ್, ಥೈರೋನಾರ್ಮ್ ಮೊದಲಾದ ಮಾತ್ರೆಗಳಲ್ಲಿರುವುದು ಇದೇ ಥೈರಾಕ್ಸಿನ್.

ಟಿಎಸ್‌ಎಚ್ ಎಂಬುದು ಥೈರಾಯ್ಡ್ ಗ್ರಂಥಿಯ ರಸವಲ್ಲ, ಮಿದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿಯು ಅದಕ್ಕೆ ಕಳುಹಿಸುವ ಆಜ್ಞೆ. ಮೈಗಳ್ಳನಾದ ಆಳಿನ ಮೇಲೆ ಯಜಮಾನನ ದನಿ ಏರುವಂತೆ, ಥೈರಾಯ್ಡ್ ಸೋತಷ್ಟೂ ಈ ಆಜ್ಞೆಯ ಪ್ರಮಾಣ ರಕ್ತದಲ್ಲಿ ಏರುತ್ತದೆ. ವಯಸ್ಕರಲ್ಲಿ ಸುಮಾರು 0.4 ರಿಂದ 4 ಅಥವಾ 4.5 ರವರೆಗೆ ಸಹಜವೆಂದು ಪ್ರಯೋಗಶಾಲೆಗಳು ನಮೂದಿಸುತ್ತವೆ. ವೃದ್ಧಾಪ್ಯದಲ್ಲಿ ಇದಕ್ಕಿಂತ ತುಸು ಮೇಲಿದ್ದರೂ ಸಹಜವೇ. ಪರೀಕ್ಷೆ ಬಹಳ ಸೂಕ್ಷ್ಮವಾದದ್ದು, ನಂಬತಕ್ಕದ್ದು. ಅದನ್ನು ಹಳಿಯುವ ಉದ್ದೇಶ ನನಗಿಲ್ಲ. ಆದರೆ ಯಜಮಾನನೇ ಮೂಕನಾದ ಮನೆಯಲ್ಲಿ ದನಿಯ ಏರಿಳಿತದಿಂದ ಆಳಿನ ಸ್ಥಿತಿಯನ್ನು ಊಹಿಸುವುದು ಸಾಧ್ಯವಿಲ್ಲವಷ್ಟೆ. ಹೆರಿಗೆಯ ಕಾಲದಲ್ಲಿ ವಿಪರೀತ ರಕ್ತಸ್ರಾವವಾದ ಬಾಣಂತಿಯರಲ್ಲಿ ಕೆಲವರಿಗೆ ಪಿಟ್ಯೂಟರಿಯೇ ಒಣಗಿಹೋಗುವುದುಂಟೆಂದು ಗ್ಲಾಸ್ಗೋದ ಹೆರಾಲ್ಡ್ ಶೀಹನ್ 1937 ರಲ್ಲಿ ವಿವರಿಸಿದನು. ಇಂದಿಗೂ ಆ ರೋಗಕ್ಕೆ ಅವನ ಹೆಸರೇ ಇದೆ, ನಮ್ಮ ದೇಶದಲ್ಲಿ ಅದು ಇನ್ನೂ ಕಾಣಿಸಿಕೊಳ್ಳುತ್ತಲೇ ಇದೆ. ಇಂತಹವರಲ್ಲಿ ಟಿಎಸ್‌ಎಚ್ "ನಾರ್ಮಲ್" ಎಂದೇ ಬರಬಹುದು. ರಕ್ತದಲ್ಲಿನ ಥೈರಾಕ್ಸಿನ್ನನ್ನೇ ಅಳೆಯುವ ಫ್ರೀ ಟಿ4 ಎಂಬ ಇನ್ನೊಂದು ಪರೀಕ್ಷೆಯನ್ನು ಮಾಡಿಸಿದಾಗ ಮಾತ್ರ ಕೊರತೆ ಬಯಲಾಗುತ್ತದೆ. ಅದನ್ನು ಮಾಡಿಸಬೇಕೆಂದು ವೈದ್ಯರಿಗೆ ತೋರಬೇಕಾದರೆ, "ಹೆರಿಗೆಯಾದ ಮೇಲೆ ಎದೆಹಾಲು ಬಂದಿತ್ತೇ? ಮುಟ್ಟು ಮರಳಿತೇ?" ಎಂಬ ಎರಡು ಪ್ರಶ್ನೆಗಳನ್ನು ಅವರು ಕೇಳಿರಬೇಕು, ಅಥವಾ ರೋಗಿಯೇ ಆ ಸಂಗತಿಯನ್ನು ಎತ್ತಿರಬೇಕು. ಇಂತಹ ರೋಗಿಗೆ ಥೈರಾಕ್ಸಿನ್ ಕೊಡುವುದಕ್ಕೆ ಮೊದಲು ಅಡ್ರಿನಲ್ ಗ್ರಂಥಿಯ ಕೊರತೆಯನ್ನು ಪರೀಕ್ಷಿಸಿ ಸರಿಪಡಿಸದಿದ್ದರೆ ಪ್ರಾಣಕ್ಕೇ ಅಪಾಯ. ಕಿವಿಗೊಡುವುದು ವೈದ್ಯರ ಸೌಜನ್ಯವೆಂದು ಬಗೆಯುವವರು ಇದನ್ನು ಯೋಚಿಸಬೇಕು. ಇಲ್ಲಿ ಅದು ರೋಗನಿದಾನದ ಅಂಗವೇ ಆಗಿದೆ.

ಇನ್ನು ಯಾರ ಬಳಿಗೆ ಹೋಗತಕ್ಕದ್ದು? ಥೈರಾಯ್ಡ್ ಎಂದೊಡನೆ ಎಂಡೋಕ್ರೈನಾಲಜಿಸ್ಟರನ್ನು, ಅಂದರೆ ಎಂ.ಡಿ. ಪದವಿಯ ಮೇಲೆ ಮತ್ತೆ ಮೂರು ವರ್ಷ ನಿರ್ನಾಳ ಗ್ರಂಥಿಗಳ ಶಾಸ್ತ್ರವನ್ನೇ ವ್ಯಾಸಂಗ ಮಾಡಿ ಡಿ.ಎಂ. ಅಥವಾ ತತ್ಸಮಾನ ಪದವಿ ಪಡೆದವರನ್ನು, ಕಾಣಲೇಬೇಕೆಂಬ ಭ್ರಮೆ ಈಚೆಗೆ ಹಬ್ಬಿದೆ. ಅವರಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಮುಂತಾದ ನಗರಗಳಲ್ಲಿದ್ದಾರೆ. ಸುರಪುರದಿಂದಲೋ ಹೊಸನಗರದಿಂದಲೋ ಅವರನ್ನು ಕಾಣಲು ಹೊರಟವರಿಗೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಮಗುವನ್ನು ನೋಡಿಕೊಳ್ಳುವವರ ಹಂಗು ಇವೆಲ್ಲ ಕೂಡಿ ಫೀಸಿಗಿಂತ ಹೆಚ್ಚಾಗುತ್ತವೆ. ಸಾಮಾನ್ಯ ತರದ ಥೈರಾಯ್ಡ್ ಕೊರತೆಯನ್ನು ಊರಿನ ಎಂ.ಬಿ.ಬಿ.ಎಸ್. ವೈದ್ಯರೂ, ತಾಲ್ಲೂಕು ಆಸ್ಪತ್ರೆಯ ಫಿಜಿಷಿಯನ್ನರೂ ಚೆನ್ನಾಗಿ ನಿರ್ವಹಿಸಬಲ್ಲರು. ತಜ್ಞರು ಅವಶ್ಯವಾಗುವುದು ಕೆಲವು ಸಂದರ್ಭಗಳಲ್ಲಿ: ಗರ್ಭ ನಿಂತಾಗ ಅಥವಾ ಅದಕ್ಕಾಗಿ ಯೋಚಿಸುತ್ತಿರುವಾಗ, ಕೊರಳಲ್ಲಿ ಗಂಟು ಕಂಡಾಗ, ಹೃದ್ರೋಗವೂ ಜೊತೆಗಿರುವಾಗ, ರೋಗಿಯು ಮಗುವಾಗಿರುವಾಗ, ಪಿಟ್ಯೂಟರಿಯ ಮೇಲೆ ಸಂಶಯ ಬಂದಾಗ, ಮತ್ತು ಮಾತ್ರೆಯ ಪ್ರಮಾಣವನ್ನು ಎಷ್ಟು ಬದಲಿಸಿದರೂ ರಕ್ತದ ಸಂಖ್ಯೆ ಹದಕ್ಕೆ ಬಾರದಿರುವಾಗ. ಉಳಿದವರು ಹತ್ತಿರದಲ್ಲಿರುವ, ಮತ್ತೆ ಮತ್ತೆ ಕಾಣಲು ಸಾಧ್ಯವಾದ ವೈದ್ಯರನ್ನು ಆರಿಸಿಕೊಳ್ಳುವುದೇ ಲೇಸು. ಯಾರೇ ಆಗಲಿ, ಅವರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿದೆಯೇ ಎಂದು ನೋಡಿಕೊಳ್ಳುವುದು ಕಷ್ಟದ ಕೆಲಸವಲ್ಲ. "ಹಾರ್ಮೋನ್ ಸ್ಪೆಷಲಿಸ್ಟ್" ಎಂದು ಹಲಗೆ ತೂಗಹಾಕಿಕೊಳ್ಳಲು ಪದವಿಯೇ ಬೇಕೆಂದೇನೂ ಇಲ್ಲದಿರುವಂತೆ ಕೆಲವರು ನಡೆದುಕೊಳ್ಳುತ್ತಿರುವ ಕಾಲವಿದು.

ಮೊದಲ ಭೇಟಿಯಲ್ಲಿಯೇ ವೈದ್ಯರ ಗುಣವನ್ನು ತಕ್ಕಮಟ್ಟಿಗೆ ಅರಿಯಬಹುದು. ಕಾಗದದಿಂದ ಕಣ್ಣೆತ್ತಿ ಅವರು ಕೊರಳನ್ನು ಮುಟ್ಟಿ ನೋಡಿದರೇ, ಒಂದು ಗುಟುಕು ನೀರು ನುಂಗಿಸಿ ಗ್ರಂಥಿ ಮೇಲೇರುವುದನ್ನು ಗಮನಿಸಿದರೇ, ನಾಡಿಯನ್ನು ಎಣಿಸಿದರೇ ಎಂಬುದನ್ನು ನೋಡಿ. ಹಳೆಯ ಕಾಲದ ವೈದ್ಯರೊಂದು ಪರೀಕ್ಷೆಯನ್ನು ಮಾಡುತ್ತಿದ್ದರು, ಈಗಲೂ ಕೆಲವರು ಮಾಡುತ್ತಾರೆ: ರೋಗಿಯನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಪಾದಗಳು ಅಂಚಿನಾಚೆಗೆ ಜೋಲುವಂತೆ ಮಾಡಿ, ಹಿಮ್ಮಡಿಯ ಮೇಲಿನ ಸ್ನಾಯುವನ್ನು ರಬ್ಬರಿನ ಸುತ್ತಿಗೆಯಿಂದ ಮೆಲ್ಲನೆ ತಟ್ಟುವುದು. ಪಾದವು ಥಟ್ಟನೆ ಒದೆಯುತ್ತದೆ. ಥೈರಾಯ್ಡ್ ಕೊರತೆಯುಳ್ಳವರಲ್ಲಿ ಅದು ಸ್ವಸ್ಥಾನಕ್ಕೆ ಮರಳುವಾಗ ಮಾತ್ರ ಸೋಮಾರಿಯಾಗಿ, ತಡವರಿಸುತ್ತ ಮರಳುತ್ತದೆ. ರಕ್ತಪರೀಕ್ಷೆಯಿರುವಾಗ ಇದು ಅನಿವಾರ್ಯವಲ್ಲವೆಂಬುದು ನಿಜ. ಆದರೆ ಇದಕ್ಕಾಗಿ ಒಂದು ನಿಮಿಷವನ್ನು ವ್ಯಯಿಸುವ ವೈದ್ಯರು ರೋಗಿಯ ಮಾತಿಗೂ ಒಂದು ನಿಮಿಷವನ್ನು ಕೊಡುವವರೇ ಆಗಿರುತ್ತಾರೆಂಬುದನ್ನು ನಾನು ಕಂಡಿದ್ದೇನೆ.

ಆದರೂ ನಮ್ಮ ಹೊರರೋಗಿ ವಿಭಾಗಗಳ ಸ್ಥಿತಿಯನ್ನು ಬಲ್ಲವರು ವೈದ್ಯರೊಬ್ಬರನ್ನೇ ದೂರಲಾರರು. ಒಂದು ಬೆಳಗಿನಲ್ಲಿ ನೂರು ಜನರನ್ನು ನೋಡಬೇಕಾದವರಿಗೆ ಪ್ರತಿಯೊಬ್ಬರ ಕಥೆಯನ್ನೂ ಮೊದಲಿನಿಂದ ಕೇಳುವುದು ಅಶಕ್ಯ. ಆದಕಾರಣ ಕಥೆಯನ್ನು ಬರೆದುಕೊಂಡೇ ಹೋಗುವುದು ಉತ್ತಮ. ಅರ್ಧ ಹಾಳೆ ಸಾಕು, ಮಕ್ಕಳ ನೋಟ್‌ಪುಸ್ತಕದ್ದಾದರೂ ಆದೀತು. ಮೇಲುಗಡೆ, ನಿಮ್ಮನ್ನು ಅತಿಯಾಗಿ ಬಾಧಿಸುವ ಮೂರೇ ತೊಂದರೆಗಳು. ಹತ್ತನ್ನು ಬರೆದರೆ ಓದುವವರಿಗೆ ಯಾವುದೂ ಮುಖ್ಯವಾಗಿ ತೋರದು. ಒಂದೊಂದರ ಮುಂದೆಯೂ ಅದು ಯಾವಾಗ ತೊಡಗಿತು, ನಿತ್ಯದ ಯಾವ ಕೆಲಸಕ್ಕೆ ಅಡ್ಡಿಯಾಗಿದೆ ಎಂಬುದು. "ಸುಸ್ತು" ಎಂದು ಬರೆಯುವುದಕ್ಕಿಂತ "ದೀಪಾವಳಿಯವರೆಗೂ ನೀರಿನ ಬಿಂದಿಗೆ ಹೊತ್ತು ಮೆಟ್ಟಿಲೇರುತ್ತಿದ್ದೆ, ಈಗ ನಡುವೆ ಇಳಿಸಿ ಕೂರುತ್ತೇನೆ" ಎಂದು ಬರೆದರೆ ವೈದ್ಯರು ತಲೆಯೆತ್ತಿ ನೋಡುತ್ತಾರೆ. ಕೆಳಗೆ ಹಿಂದಿನ ಪರೀಕ್ಷೆಗಳ ತಾರೀಖು, ಟಿಎಸ್‌ಎಚ್ ಎಷ್ಟಿತ್ತು, ಆಗ ಮಾತ್ರೆಯ ಪ್ರಮಾಣ 25 ಮೈಕ್ರೋಗ್ರಾಮೋ 50 ಮೈಕ್ರೋಗ್ರಾಮೋ ಎಂಬುದು. ಹೆಂಗಸರಾದರೆ ಮುಟ್ಟಿನ ತಾರೀಖುಗಳು, ಗರ್ಭಪಾತಗಳಾಗಿದ್ದರೆ ಅವು, ಹೆರಿಗೆಯಲ್ಲಿ ರಕ್ತ ಹೋದದ್ದು. ತಾಯಿಗೋ ಅಕ್ಕತಂಗಿಯರಿಗೋ ಥೈರಾಯ್ಡ್ ಇದ್ದರೆ ಅದೂ. ಈ ವ್ಯಾಧಿ ವಂಶದಲ್ಲಿ ಹರಿದು ಬರುವಂಥದು, ಗಂಡಸರಿಗಿಂತ ಹೆಂಗಸರಲ್ಲಿ ಅನೇಕ ಪಟ್ಟು ಹೆಚ್ಚು. ಕೊನೆಯದಾಗಿ ಸೇವಿಸುತ್ತಿರುವ ಸಕಲ ಔಷಧಗಳು, ಮನೆಮದ್ದು ಸಹ.

ಈ ಕೊನೆಯ ಸಾಲನ್ನು ಮುಚ್ಚಿಡುವವರೇ ಹೆಚ್ಚು. ಕೂದಲು ಉದುರುತ್ತದೆಂದು ಅಂಗಡಿಯಿಂದ ತಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಪ್ರಯೋಗಶಾಲೆಗಳ ಪರೀಕ್ಷಾವಿಧಾನವನ್ನೇ ದಾರಿ ತಪ್ಪಿಸಿ ಟಿಎಸ್‌ಎಚ್‌ಅನ್ನು ಇರುವುದಕ್ಕಿಂತ ಕಡಿಮೆಯಾಗಿಯೂ, ಟಿ4 ಅನ್ನು ಹೆಚ್ಚಾಗಿಯೂ ತೋರಿಸಬಲ್ಲುದು; ಕೂದಲು ಉದುರುವುದೇ ಥೈರಾಯ್ಡ್ ಕೊರತೆಯ ಲಕ್ಷಣವಾದ್ದರಿಂದ ಈ ಎರಡೂ ಒಬ್ಬಳಲ್ಲಿಯೇ ಕೂಡಿಬರುವುದು ಅಪರೂಪವಲ್ಲ. ವೈದ್ಯರಿಗೆ ತಿಳಿಸಿ, ಪರೀಕ್ಷೆಗೆ ಎರಡು ದಿನ ಮೊದಲಾದರೂ ಅದನ್ನು ನಿಲ್ಲಿಸಬೇಕು. ಅಶ್ವಗಂಧ ಲೇಹ್ಯವು ಥೈರಾಯ್ಡ್ ರಸವನ್ನು ಏರಿಸಿದ ನಿದರ್ಶನಗಳುಂಟು. ಇವನ್ನು ಹೇಳಿದರೆ ಬೈದಾರೆಂದು ಅಂಜಿ ಸುಮ್ಮನಿರುವುದರಿಂದ ವೈದ್ಯರು ತಪ್ಪು ಲೆಕ್ಕದ ಮೇಲೆ ಸರಿಯಾದ ತೀರ್ಮಾನವನ್ನು ಮಾಡಬೇಕಾಗಿ ಬರುತ್ತದೆ.

ಜೊತೆಗೆ ಬರುವವರ ವಿಷಯವಾಗಿ ಒಂದು ಮಾತು. "ಏನು ತೊಂದರೆ?" ಎಂದು ವೈದ್ಯರು ಸೊಸೆಯನ್ನು ಕೇಳಿದರೆ ಉತ್ತರವನ್ನು ಅತ್ತೆ ಕೊಡುವುದು, ಹೆಂಡತಿಯನ್ನು ಕೇಳಿದರೆ ಗಂಡ ಕೊಡುವುದು ನಮ್ಮಲ್ಲಿ ರೂಢಿ. "ಏನೂ ಇಲ್ಲ ಡಾಕ್ಟ್ರೆ, ಸುಮ್ನೆ ಯೋಚನೆ ಮಾಡ್ತಾಳೆ" ಎಂದು ಗಂಡ ನಗುತ್ತಾ ಹೇಳಿದ ಮೇಲೆ ಆ ಕೋಣೆಯಲ್ಲಿ ಹೇಳುವುದಕ್ಕೆ ಮತ್ತೇನು ಉಳಿದೀತು? ಜೊತೆಗಾರರು ಬೇಕು, ಮರೆತದ್ದನ್ನು ನೆನಪಿಸಲು, ವೈದ್ಯರು ಹೇಳಿದ್ದನ್ನು ಕೇಳಿಟ್ಟುಕೊಳ್ಳಲು ಅವರಿಂದ ದೊಡ್ಡ ಉಪಕಾರವಾಗುತ್ತದೆ. ಆದರೆ ಮೊದಲ ಎರಡು ನಿಮಿಷ ರೋಗಿಯೇ ಮಾತನಾಡತಕ್ಕದ್ದೆಂದು ಬಾಗಿಲ ಹೊರಗೇ ಒಪ್ಪಂದವಾಗಿರಲಿ.

ಹೇಳುವುದನ್ನು ಹೇಳಿದ ಮೇಲೆ ಕೇಳಬೇಕಾದ ಪ್ರಶ್ನೆಯನ್ನು ಸಿಟ್ಟಿಲ್ಲದೆ, ಸಂಕೋಚವೂ ಇಲ್ಲದೆ ಕೇಳಬೇಕು. "ಥೈರಾಯ್ಡ್ ಸರಿಯಿದೆಯೆಂದು ಒಪ್ಪಿದೆ. ಹಾಗಾದರೆ ಈ ಆಯಾಸಕ್ಕೆ ಬೇರೇನು ಕಾರಣವಿರಬಹುದು? ನೋಡಬೇಕಾದದ್ದು ಏನಾದರೂ ಇದೆಯೆ?" ಈ ಪ್ರಶ್ನೆ ವೈದ್ಯರ ತೀರ್ಮಾನವನ್ನು ಅಲ್ಲಗಳೆಯುವುದಿಲ್ಲ, ಆದರೆ ಕಡತವನ್ನು ಮುಚ್ಚಲೂ ಬಿಡುವುದಿಲ್ಲ. ಅಂತರ್ಜಾಲದಲ್ಲಿ ಓದಿದ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟರೆ ಅನುಭವಸ್ಥರೂ ಮುಖ ಗಂಟಿಕ್ಕಿಕೊಳ್ಳುತ್ತಾರೆ. ಅದೇ ವಿಷಯವನ್ನು ಪ್ರಶ್ನೆಯ ರೂಪದಲ್ಲಿಟ್ಟರೆ ಬಹುಮಂದಿ ಉತ್ತರಿಸುತ್ತಾರೆ. ಸಹಾಯ ಮಾಡುವ ವೈದ್ಯರು ಆಗ ಹಿಮೋಗ್ಲೋಬಿನ್ ಮತ್ತು ಫೆರಿಟಿನ್, ಶುದ್ಧ ಸಸ್ಯಾಹಾರಿಗಳಾದರೆ ಬಿ12, ಸಕ್ಕರೆಯ ಅಂಶ ಇವುಗಳನ್ನು ಯೋಚಿಸುತ್ತಾರೆ. ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಮನೆಯವರನ್ನು ಕೇಳುತ್ತಾರೆ. ನಲವತ್ತು ದಾಟಿದವರಲ್ಲಿ ಮುಟ್ಟು ನಿಲ್ಲುವ ಕಾಲದ ಏರುಪೇರನ್ನು ನೆನೆಯುತ್ತಾರೆ. ಮನಸ್ಸು ಖಿನ್ನವಾಗಿದೆಯೇ ಎಂದೂ ವಿಚಾರಿಸುತ್ತಾರೆ. ಈ ಕೊನೆಯ ಪ್ರಶ್ನೆಯಿಂದ ನೊಂದುಕೊಳ್ಳುವವರುಂಟು, "ನನ್ನದು ಸುಳ್ಳು ರೋಗವೆಂದು ಬಗೆದರಲ್ಲ" ಎಂದು. ಖಿನ್ನತೆಯೂ ರೋಗವೇ, ಅದನ್ನು ಕೇಳಿ, ಉಳಿದ ಪರೀಕ್ಷೆಗಳನ್ನೂ ಮಾಡಿಸುವವರು ನಿಮ್ಮ ಮಾತನ್ನು ನಂಬಿದವರು. ಬೇರೇನನ್ನೂ ನೋಡದೆ "ಎಲ್ಲ ಮನಸ್ಸಿನದು" ಎಂದು ಚೀಟಿ ಹರಿದುಕೊಡುವವರನ್ನು ಬಿಟ್ಟುಬಿಡಬಹುದು.

ಇಲ್ಲಿ ನನಗೆ ಪರಿಚಿತರಾದ ನಿವೃತ್ತ ಶಿಕ್ಷಕಿಯೊಬ್ಬರ ಸಂಗತಿಯನ್ನು ಹೇಳಬೇಕು. ಅವರ ಟಿಎಸ್‌ಎಚ್ ಏರಿಯೇ ಇರುತ್ತಿತ್ತು. ಒಬ್ಬ ವೈದ್ಯರು 50 ಮೈಕ್ರೋಗ್ರಾಮನ್ನು 75 ಮಾಡಿದರು, ಮತ್ತೊಬ್ಬರು 100, ಇನ್ನೊಬ್ಬರು 125. ಪ್ರತಿಯೊಬ್ಬರೂ "ಮಾತ್ರೆ ಸರಿಯಾಗಿ ತಗೋತಿಲ್ಲ ನೀವು" ಎಂದು ಆಕ್ಷೇಪಿಸಿದರೇ ವಿನಾ, ಹೇಗೆ ತೆಗೆದುಕೊಳ್ಳುತ್ತೀರೆಂದು ಯಾರೂ ಕೇಳಲಿಲ್ಲ. ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗುತ್ತಿದ್ದ ಅವರಿಗೆ ಈ ಆಕ್ಷೇಪಣೆಯೇ ರೋಗಕ್ಕಿಂತ ಹೆಚ್ಚಿನ ಸಂಕಟವಾಗಿತ್ತು. ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ತರುಣ ವೈದ್ಯೆಯೊಬ್ಬಳು ಮಾತ್ರ, "ಬೆಳಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ ಟೀಚರ್" ಎಂದಳಂತೆ. ಐದೂವರೆಗೆ ಏಳುವುದು, ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್ನಿಗೆ ಹಾಲು ಬೆರೆಸುವುದು, ಕಾಫಿಯ ಲೋಟದ ಪಕ್ಕದಲ್ಲಿ ಥೈರಾಯ್ಡ್ ಮಾತ್ರೆ, ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ ಮಾತ್ರೆ, ಹೊಟ್ಟೆಯುರಿಯ ಮಾತ್ರೆ ಮೂರನ್ನೂ ಸಾಲಾಗಿಟ್ಟುಕೊಂಡು ಒಂದೇ ಗುಟುಕಿಗೆ ಒಳಗಿಳಿಸುವುದು, ಮರೆಯಬಾರದೆಂಬ ಎಚ್ಚರದಿಂದಲೇ ಮಾಡಿಕೊಂಡಿದ್ದ ಕ್ರಮ ಇದು. ಕ್ಯಾಲ್ಸಿಯಂ ಥೈರಾಕ್ಸಿನ್ನನ್ನು ಕರುಳಿನಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಕಾಫಿಯೂ ಹೀರಿಕೆಯನ್ನು ಕುಗ್ಗಿಸುತ್ತದೆಂದು ಇಟಲಿಯ ಸಂಶೋಧಕರು 2008 ರಲ್ಲಿ ತೋರಿಸಿದ್ದಾರೆ. ವೈದ್ಯೆಯು ಮಾತ್ರೆಯ ಪ್ರಮಾಣವನ್ನು ಮುಟ್ಟದೆ ವೇಳೆಯನ್ನು ಮಾತ್ರ ಬದಲಿಸಿದಳು. ಮುಂದಿನ ಪರೀಕ್ಷೆಯಲ್ಲಿ ಟಿಎಸ್‌ಎಚ್ ಎಷ್ಟು ಇಳಿದಿತ್ತೆಂದರೆ ಪ್ರಮಾಣವನ್ನೇ ತಗ್ಗಿಸಬೇಕಾಯಿತು.

ಮಾತ್ರೆ ನುಂಗುವ ಸರಿಯಾದ ಕ್ರಮವಿದು: ಎದ್ದೊಡನೆ ಬರಿಹೊಟ್ಟೆಯಲ್ಲಿ, ನೀರಿನೊಡನೆ ಥೈರಾಕ್ಸಿನ್ ಮಾತ್ರೆ. ಅನಂತರ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿ, ತಿಂಡಿ ಯಾವುದೂ ಇಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ನಾಲ್ಕು ಗಂಟೆ ಕಳೆದ ಮೇಲೆ. ನಸುಕಿನ ಕಾಫಿಯನ್ನು ಬಿಟ್ಟು ಬದುಕಲಾರೆನೆನ್ನುವವರು (ನಮ್ಮಲ್ಲಿ ಅಂಥವರ ಸಂಖ್ಯೆ ಅಲ್ಪವಲ್ಲ, ಅವರನ್ನು ನಾನು ಹಳಿಯಲಾರೆ) ವೈದ್ಯರನ್ನು ಕೇಳಿ, ರಾತ್ರಿಯೂಟವಾಗಿ ಮೂರು ಗಂಟೆಯ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದು. ಡಬ್ಬಿಯನ್ನು ಒಲೆಯ ಪಕ್ಕದ ಗೂಡಿನಲ್ಲಿಡಬೇಡಿ. ಬಿಸಿಯೂ ತೇವವೂ ಈ ಔಷಧಕ್ಕಾಗದು. ಒಂದೇ ಕಂಪನಿಯ ಮಾತ್ರೆಯನ್ನು ಮುಂದುವರಿಸುವುದು ಮೇಲು. ಜನೌಷಧಿ ಕೇಂದ್ರದ ಅಗ್ಗದ ಮಾತ್ರೆಗೆ ಬದಲಾಯಿಸಿದರೆ ದೋಷವೇನಿಲ್ಲ, ಆದರೆ ಆರು ವಾರದ ಮೇಲೆ ಒಮ್ಮೆ ರಕ್ತ ತೋರಿಸಿಕೊಳ್ಳಬೇಕು. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಹಿಡಿಯುವುದರಿಂದ, ಪ್ರಮಾಣ ಬದಲಾದ ಹದಿನೈದೇ ದಿನಕ್ಕೆ ಪರೀಕ್ಷೆ ಮಾಡಿಸಿ ನಿರಾಶರಾಗುವುದರಲ್ಲಿ ಅರ್ಥವಿಲ್ಲ. ಇನ್ನು ಕೋಸು, ಹೂಕೋಸು, ಮೂಲಂಗಿಗಳ ವಿಷಯ: ಅಯೋಡಿನ್ ಬೆರೆತ ಉಪ್ಪನ್ನುಣ್ಣುವವರು ಬೇಯಿಸಿದ ಪಲ್ಯವನ್ನು ಹೆದರದೆ ತಿನ್ನಬಹುದು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ ಎಂದು ನಮ್ಮಲ್ಲೊಂದು ಗಾದೆಯಿದೆ. ಸಹಾನುಭೂತಿಗಾಗಿ ಅಲೆದು ಬಳಲಿದವರು ಸುಲಭವಾಗಿ ಸಿಕ್ಕಿಬೀಳುವುದು ಇಂತಹ ಹಾಲು ಅನ್ನದ ವೈದ್ಯರ ಕೈಗೆ. "ನಿಮ್ಮ ಕಷ್ಟ ಅವರಿಗೆ ಅರ್ಥವಾಗಿಲ್ಲ" ಎಂದು ಗಂಟೆಗಟ್ಟಲೆ ಕೇಳಿಸಿಕೊಂಡು, ಕೊನೆಗೆ ದುಬಾರಿಯಾದ ಪರೀಕ್ಷೆಗಳ ಪ್ಯಾಕೇಜನ್ನೂ, ಮೂರು ತಿಂಗಳಲ್ಲಿ ಮಾತ್ರೆ ಬಿಡಿಸುವೆವೆಂಬ ಭರವಸೆಯನ್ನೂ ಮಾರುವವರಿದ್ದಾರೆ. 1912 ರಲ್ಲಿ ಜಪಾನಿನ ಹಕಾರು ಹಶಿಮೊಟೊ ನಾಲ್ವರು ಸ್ತ್ರೀಯರ ಗ್ರಂಥಿಗಳನ್ನು ಪರೀಕ್ಷಿಸಿ ವರ್ಣಿಸಿದ ರೋಗವೇ, ಅಂದರೆ ದೇಹದ ರಕ್ಷಣಾವ್ಯವಸ್ಥೆ ಗ್ರಂಥಿಯನ್ನೇ ಕ್ರಮೇಣ ಹಾಳುಗೆಡಹುವ ರೋಗವೇ, ನಮ್ಮಲ್ಲಿಯೂ ಕೊರತೆಗೆ ಸಾಮಾನ್ಯ ಕಾರಣ. ಅದರಿಂದ ಸಂಪೂರ್ಣವಾಗಿ ನಾಶವಾದ ಗ್ರಂಥಿಯನ್ನು ಯಾವ ಡಯಟ್ಟೂ ಮರಳಿ ಕಟ್ಟಿಕೊಡಲಾರದು. ಹಾಗೆಂದ ಮಾತ್ರಕ್ಕೆ ಪ್ರತಿಯೊಬ್ಬರಿಗೂ ಆಜೀವ ಮಾತ್ರೆ ಬೇಕೆಂದಲ್ಲ. ಟಿಎಸ್‌ಎಚ್ ಮಾತ್ರ ತುಸು ಏರಿ, 10 ರ ಒಳಗಿದ್ದು, ಟಿ4 ಸಹಜವಾಗಿದ್ದಲ್ಲಿ, ಎರಡು ಮೂರು ತಿಂಗಳು ಕಾದು ಮತ್ತೆ ಪರೀಕ್ಷಿಸೋಣವೆನ್ನುವ ವೈದ್ಯರು ಉದಾಸೀನರಲ್ಲ. ಬಹು ಸಂದರ್ಭಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಇಂತಹ ಅಲ್ಪ ಏರಿಕೆಯುಳ್ಳ, ಅರವತ್ತೈದು ದಾಟಿದ 737 ಜನರ ಮೇಲೆ ಯೂರೋಪಿನಲ್ಲಿ ನಡೆಸಿ 2017 ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಥೈರಾಕ್ಸಿನ್ ಕೊಟ್ಟವರಿಗೂ ಹುಸಿಮಾತ್ರೆ ಕೊಟ್ಟವರಿಗೂ ಆಯಾಸದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅನವಶ್ಯಕವಾಗಿಯೋ ಅತಿಯಾಗಿಯೋ ನುಂಗಿದ ಥೈರಾಕ್ಸಿನ್ನಿನಿಂದ ಎದೆಬಡಿತ ತಪ್ಪುವುದೂ ಮೂಳೆ ಸವೆಯುವುದೂ ಉಂಟು. ಕೊಡುವುದಿಲ್ಲವೆಂದು ಕಾರಣಸಹಿತವಾಗಿ ಹೇಳಿ, ಆಯಾಸದ ಮೂಲವನ್ನು ಬೇರೆಡೆ ಹುಡುಕಲು ತೊಡಗುವವರನ್ನು ಕಳೆದುಕೊಳ್ಳಬೇಡಿ.

ಇಷ್ಟೆಲ್ಲ ಮಾಡಿಯೂ ಕಿವಿ ದೊರೆಯದಿದ್ದರೆ ಬೇರೊಬ್ಬರನ್ನು ಕಾಣಬಹುದು. ಇದಕ್ಕೆ ದಾಕ್ಷಿಣ್ಯಪಡಬೇಕಾದದ್ದಿಲ್ಲ, ಎರಡನೆಯ ಅಭಿಪ್ರಾಯವನ್ನು ಪಡೆಯುವುದು ರೋಗಿಯ ಹಕ್ಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ಸನ್ನದಿನಲ್ಲಿ ಹೇಳಿದೆ. ರೋಗಿಯು ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಒದಗಿಸಬೇಕೆಂದು 2002 ರ ವೈದ್ಯಕೀಯ ನಡಾವಳಿಯ ನಿಯಮಗಳು ವಿಧಿಸಿವೆ. ಹಳೆಯ ಚೀಟಿಗಳು ಬೇಕೆಂದು ಲಿಖಿತವಾಗಿ ಕೇಳಿ, ನಕಲನ್ನು ಇಟ್ಟುಕೊಳ್ಳಿ. ದೂರದ ತಜ್ಞರನ್ನು ಕಾಣುವುದು ಅಶಕ್ಯವಾದವರು ಸರ್ಕಾರದ ಇ-ಸಂಜೀವಿನಿಯ ಮೂಲಕ ದೂರವಾಣಿಯಲ್ಲಿಯೇ ಉಚಿತವಾಗಿ ವೈದ್ಯರೊಡನೆ ಮಾತನಾಡಬಹುದು. ಹತ್ತಿರದ ಆರೋಗ್ಯ ಕೇಂದ್ರದವರು ಅದಕ್ಕೆ ನೆರವಾಗುತ್ತಾರೆ. ಕೊರಳನ್ನು ಮುಟ್ಟಿ ನೋಡುವುದು ಅದರಲ್ಲಾಗದೆಂಬುದನ್ನು ಮಾತ್ರ ಮರೆಯಬಾರದು. ಹೊಸ ವೈದ್ಯರ ಮುಂದೆ ಹಿಂದಿನವರನ್ನು ನಿಂದಿಸುತ್ತಾ ಕುಳಿತರೆ ನಿಮಗೆ ದೊರೆತ ಹತ್ತು ನಿಮಿಷದಲ್ಲಿ ಐದು ಹೋದಂತೆಯೇ. ಅರ್ಧ ಹಾಳೆಯನ್ನೂ, ತಾರೀಖಿನ ಕ್ರಮದಲ್ಲಿ ಜೋಡಿಸಿದ ಹಳೆಯ ಕಾಗದಗಳನ್ನೂ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯ ಡಬ್ಬಿಯನ್ನೂ ಮುಂದಿಟ್ಟರೆ ಸಾಕು. ಹೊಸಬರು ಹೇಳಿದ ಕ್ರಮವನ್ನು ಆರರಿಂದ ಎಂಟು ವಾರವಾದರೂ ನಡೆಸಿ ನೋಡದೆ ಮೂರನೆಯವರಲ್ಲಿಗೆ ಓಡಬಾರದು. ವಾರಕ್ಕೊಬ್ಬ ವೈದ್ಯರನ್ನು ಬದಲಿಸುವವರ ರೋಗವನ್ನು ಪೂರ್ತಿಯಾಗಿ ನೋಡಿದವರು ಒಬ್ಬರೂ ಇರುವುದಿಲ್ಲ.

ಕಾಯಬಾರದ ಸಂದರ್ಭಗಳೂ ಕೆಲವಿವೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವಾಕೆಗೆ ಗರ್ಭ ನಿಂತಿದೆಯೆಂದು ತಿಳಿದೊಡನೆ, ಮೊದಲ ತಪಾಸಣೆಯ ದಿನದವರೆಗೆ ತಡೆಯದೆ ಅಂದೇ ವೈದ್ಯರಿಗೆ ತಿಳಿಸಬೇಕು. ಔಷಧದ ಅವಶ್ಯಕತೆ ಆರಂಭದ ವಾರಗಳಲ್ಲಿಯೇ ನಾಲ್ಕನೆಯ ಒಂದು ಭಾಗದಷ್ಟೋ ಅದಕ್ಕೂ ಹೆಚ್ಚೋ ಏರುವುದು ಸಾಮಾನ್ಯ, ಮಗುವಿನ ಮಿದುಳು ಬೆಳೆಯಲು ತೊಡಗುವುದೂ ಆಗಲೇ. ಮಾತ್ರೆಯನ್ನು ಹೆದರಿ ನಿಲ್ಲಿಸುವುದಂತೂ ಸರ್ವಥಾ ಸಲ್ಲದು. ಕೊರಳ ಗಂಟು ವಾರಗಳಲ್ಲಿ ಬೆಳೆದರೆ, ದನಿ ಗೊಗ್ಗರಾಗಿ ಸರಿಹೋಗದಿದ್ದರೆ, ನುಂಗಲು ಕಷ್ಟವಾದರೆ ಆ ವಾರವೇ ತೋರಿಸಿಕೊಳ್ಳಬೇಕು. ಮಾತ್ರೆ ಬಿಟ್ಟು ಬಹುಕಾಲವಾದ ವೃದ್ಧರೊಬ್ಬರು ಮೈ ತಣ್ಣಗಾಗಿ, ಮಂಪರು ಕವಿದು, ಕರೆದರೆ ತಡವಾಗಿ ಓಗೊಡುತ್ತಿದ್ದರೆ ಅಪಾಯಿಂಟ್‌ಮೆಂಟಿನ ಯೋಚನೆ ಬೇಡ. 108 ಕ್ಕೆ ಕರೆ ಮಾಡಿ, ಆಸ್ಪತ್ರೆಯ ಬಾಗಿಲಲ್ಲಿಯೇ "ಇವರಿಗೆ ಥೈರಾಯ್ಡ್ ಇದೆ, ಮಾತ್ರೆ ನಿಲ್ಲಿಸಿ ಇಷ್ಟು ಕಾಲವಾಯಿತು" ಎಂದು ಮೊದಲು ಹೇಳಿ.